ಮಗಳ ಮನೆ ವಿಳಾಸ

ಬಾಣಲೆಯಲ್ಲಿ ಮೆಣಸಿನಕಾಯಿ ಇನ್ನೂ ಗರಿಗರಿಯಾಗಿರಲಿಲ್ಲ, ಆಗಲೇ ಸೂರಿಗೆ ಅಂಟಿಸಿದ್ದ ಸ್ಮೋಕ್ ಅಲಾರಂ ಕಿರುಚಲು ಶುರುಮಾಡಿತು. ಚಿಕ್ಕತಾಯಮ್ಮ ಸೌಟು ಕೆಳಗಿಡಲಿಲ್ಲ. ಸಾರಿನ ಪುಡಿಗೆ ಹುರಿಯುವಾಗ ನಡುವೆ ಕೈ ಬಿಟ್ಟರೆ ಒಂದು ಕಾಯಿ ಕಪ್ಪಗಾದರೆ ಇನ್ನೊಂದು ಹಸಿಹಸಿ ಉಳಿಯುತ್ತದೆ. ಕೆಮ್ಮುತ್ತಲೇ ಮೊಮ್ಮಗಳನ್ನು ಕೂಗಿ, ಟವಲ್ ತಗೊಂಡು ಬೀಸವ್ವ ಎಂದಳು.

ಆನ್ಯಾ ಕುರ್ಚಿ ಹತ್ತಿ ಬೀಸತೊಡಗಿದಳು. ಹನ್ನೆರಡು ವರ್ಷದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು. ಅಷ್ಟರಲ್ಲಿ ಅಜ್ಜಿಯ ಫೋನೂ ಹೊಡೆದುಕೊಂಡಿತು. ಆನ್ಯಾ ಇನ್ನೊಂದು ಕೈಯಲ್ಲಿ ಅದನ್ನೆತ್ತಿ ಕೇಳಿಸಿಕೊಂಡು, "ಅಜ್ಜಿ, ಇಟ್ಸ್ ದ ಬೇಸ್. ಜರ್ಮನಿ. ನಿನ್ನ ಹತ್ರ ಮಾತಾಡಬೇಕಂತೆ" ಅಂದಳು. ಕೊನೆಯದನ್ನು ಕನ್ನಡದಲ್ಲೇ ಹೇಳಿದ್ದರಿಂದ ವಿಷಯ ದೊಡ್ಡದು ಎಂದು ಚಿಕ್ಕತಾಯಮ್ಮನಿಗೆ ತಿಳಿಯಿತು.

ರೂಮಿನಲ್ಲಿ ಮಗಳು ಲಾವಣ್ಯಾ ಮಲಗಿದ್ದಳು. ರಾತ್ರಿಯೆಲ್ಲ ವೇರ್‌ಹೌಸಿನಲ್ಲಿ ನಿಂತು ಬಂದವಳು, ಅಲಾರಂಗೂ ಎಚ್ಚರವಾಗಿರಲಿಲ್ಲ. ಅವಳು ಹತ್ತು ವರ್ಷ ಅಮೆರಿಕದ ಸೇನೆಯಲ್ಲಿದ್ದವಳು. ಬಂದೂಕಿಗಿಂತ ಉಗ್ರಾಣದ ಕೆಲಸವೇ ಹೆಚ್ಚು. ಬೂಟು, ಕಂಬಳಿ, ಟ್ರಕ್ಕಿನ ಸಾಮಾನು ಯಾವುದು ಎಲ್ಲಿಗೆ ಹೋಗಬೇಕು ಎಂದು ನೋಡಿ ಕಳಿಸುವುದು. ಅದರಲ್ಲಿ ಹೆಚ್ಚು ವರ್ಷ ಜರ್ಮನಿಯಲ್ಲಿರುವ ಅಮೆರಿಕ ಸೇನೆಯ ಒಂದು ನೆಲೆಯಲ್ಲೇ, ಅವರ ಮಾತಲ್ಲಿ ಬೇಸಿನಲ್ಲೇ, ಕಳೆದಿದ್ದಳು. ಸೇನೆ ಬಿಟ್ಟು ಅಮೆರಿಕಕ್ಕೆ ಮರಳಿ ಈ ಸೀಕಾಕಸ್‌ಗೆ ಬಂದಮೇಲೆ ಸಿಕ್ಕಿದ್ದು ವೇರ್‌ಹೌಸಿನ ನೈಟ್ ಶಿಫ್ಟು, ಮೇಲೆ ಆರ್ಡರ್ ಮಾಡಲು ಮೀಸೆ ಸರಿಯಾಗಿ ಬರದ ಮ್ಯಾನೇಜರು. ಹಾಗಾಗಿ ಅದೇ ಹಳೇ ಬೇಸಿನಲ್ಲಿ, ಯೂನಿಫಾರಂ ಇಲ್ಲದ ಸಿವಿಲಿಯನ್ ಕೆಲಸಕ್ಕೆ ಅರ್ಜಿಯ ಮೇಲೆ ಅರ್ಜಿ ಹಾಕುತ್ತಿದ್ದಳು. ಅವಳ ಜೊತೆ ಸೇನೆಯಲ್ಲಿದ್ದ ಡೆನೀಸ್ ಎಂಬಾಕೆ ಕೆಲಸ ಬಿಟ್ಟಮೇಲೂ ಅಲ್ಲೇ ಉಳಿದು, ಬೇಸಿನ ಬಾಗಿಲು ತಟ್ಟಿ ತಟ್ಟಿ ಸಾಕಾಗಿದ್ದಳು. ಜರ್ಮನಿಯಲ್ಲೇ ಕೂತಿರುವವರನ್ನು ಕೆಲಸಕ್ಕೆ ತೆಗೆದುಕೊಂಡರೆ ಬೇಸಿನವರು ಮನೆ ಕೊಡುವುದಿಲ್ಲ, ಮನೆಯವರನ್ನೂ ಸೇರಿಸಿಕೊಳ್ಳುವುದಿಲ್ಲ. ನೀನು ಅಮೆರಿಕ ಬಿಡಬೇಡ, ಅವರಾಗಿ ಕರೆಸಿಕೊಳ್ಳಲಿ ಎಂದು ಡೆನೀಸೇ ಬುದ್ಧಿ ಹೇಳಿದ್ದು.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಬೇಸಿನವರು ತಾವಾಗಿ ಕೆಲಸಕ್ಕೆ ಕರೆದರು. ಹಗಲು ಕೆಲಸ, ಆನ್ಯಾಗೆ ಬೇಸಿನ ಸ್ಕೂಲು, ಸೇನೆಯ ವರ್ಷಗಳೂ ಪೆನ್ಷನ್ನಿಗೆ ಸೇರುತ್ತವೆ. ಆದರೆ ತಿಂಗಳಲ್ಲಿ ಒಂದು ವಾರ ಬೇರೆ ಬೇಸುಗಳಿಗೆ ಓಡಾಡಬೇಕು. ಆ ವಾರ ಮಗು ಹತ್ತಿರ ಯಾರು? ಆದ್ದರಿಂದ ಕೆಲಸದ ಆರ್ಡರಿನಲ್ಲಿ, ಜೊತೆಗೆ ಬರುವ ಮನೆಯವರು ಅಂತ, ಆನ್ಯಾ ಹೆಸರಿನ ಜೊತೆ ಲಾವಣ್ಯಾಳ ತಾಯಿಯ ಹೆಸರೂ ಬರಬೇಕಿತ್ತು. ಹೆಸರಿಲ್ಲದಿದ್ದರೆ ಚಿಕ್ಕತಾಯಮ್ಮ ಅಲ್ಲಿ ಮೂರು ತಿಂಗಳು ಮಾತ್ರ ಇರಬಹುದಾದ ನೆಂಟಳಷ್ಟೇ. ತಾಯಿ ಬರದಿದ್ದರೆ ಲಾವಣ್ಯಾ ಹೋಗುವ ಹಾಗಿಲ್ಲ.

ಫೋನಿನ ಹೆಂಗಸು ಮರ್ಯಾದೆಯಿಂದಲೇ ಕೇಳಿದಳು. ಹೆಸರು, ಹುಟ್ಟಿದ ವರ್ಷ, ಈ ದೇಶಕ್ಕೆ ಬಂದ ವರ್ಷ. ಆಮೇಲೆ, ನಿಮ್ಮನ್ನು ಸಾಕುತ್ತಿರುವುದು ನಿಮ್ಮ ಮಗಳೇನಾ, ಊಟ ವಸತಿಯೆಲ್ಲ ಅವಳದೇನಾ ಎಂದಳು. ಆನ್ಯಾ ಅದನ್ನು ಅಜ್ಜಿಗೆ ದಾಟಿಸಿದಳು.

ಸೌಟು ಬಾಣಲೆಯಲ್ಲೇ ನಿಂತಿತು. ಮುಖ ಕಾಣದ ಹೆಂಗಸೊಬ್ಬಳು ಕೇಳುವ ಮಾತೇ ಇದು?

"ನಾನು ಯಾರ ಅನ್ನದ ಹಂಗಲ್ಲೂ ಇಲ್ಲ ಅನ್ನು. ಕೈಲಾದ್ದು ದುಡೀತೀನಿ, ತಿಂತೀನಿ. ಮಗು ನೋಡ್ಕೊಳ್ಳೋಕೆ ಇಲ್ಲಿದ್ದೀನಿ, ಅಷ್ಟೇಯ."

ಆನ್ಯಾ ಅದನ್ನು ಚೆಂದವಾಗಿ ಇಂಗ್ಲಿಷಿಗೆ ಹಾಕಿದಳು. ಅಜ್ಜಿಯ ಮೇಲಿನ ಅಭಿಮಾನಕ್ಕೆ ತನ್ನದೂ ಒಂದು ಮಾತು ಸೇರಿಸಿದಳು: "ಶೀ ಹ್ಯಾಸ್ ಹರ್ ಓನ್ ಬಿಸಿನೆಸ್." ಆ ಹೆಂಗಸು ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ಅಲಾರಮ್ಮೂ ನಿಂತಿತು. ಚಿಕ್ಕತಾಯಮ್ಮನಿಗೆ ಏನೋ ಗೆದ್ದ ಹಾಗಾಯಿತು.

ಮುಂದಿನ ವಾರ ಗೊತ್ತಾಯಿತು ಗೆದ್ದದ್ದು ಏನು ಅಂತ.

ಆ ಮನೆಯಲ್ಲಿ ಊಟದ ಹೊತ್ತೇ ತಲೆಕೆಳಗು. ಬೆಳಿಗ್ಗೆ ಆನ್ಯಾ ಹಾಲಿಗೆ ಸೀರಿಯಲ್ ಸುರಿದುಕೊಳ್ಳುವಾಗ ಅವಳಮ್ಮನಿಗೆ ಮುದ್ದೆ, ಬಸ್ಸಾರು. ಲಾವಣ್ಯಾ ಜಾಕೆಟ್ಟನ್ನೂ ಬಿಚ್ಚದೆ ಒಂದು ತುತ್ತು ನುಂಗಿ, ಎಡಗೈಯಲ್ಲಿ ಫೋನ್ ಒತ್ತಿದವಳು ಹಾಗೇ ಕೂತುಬಿಟ್ಟಳು.

"ಅವ್ವ, ಬೇಸಿನಿಂದ ಫೋನ್ ಬಂದಿತ್ತಾ?"

"ಬಂದಿತ್ತು."

"ನನಗ್ಯಾಕೆ ಹೇಳಲಿಲ್ಲ?"

"ನೀನು ಮಲಗಿದ್ದೆ. ನಾನೇ ಮಾತಾಡಿ ಮುಗಿಸ್ದೆ."

"ಮುಗಿಸೇಬಿಟ್ಟಿದ್ದೀಯ." ಲಾವಣ್ಯಾ ಇಮೇಲ್ ಓದಿ ಹೇಳಿದಳು. ತಾಯಿ ಸ್ವಂತ ವ್ಯಾಪಾರ ನಡೆಸುತ್ತಾರೆ, ಮಗಳನ್ನು ಅವಲಂಬಿಸಿಲ್ಲ; ಆದ್ದರಿಂದ ಅವರ ಹೆಸರನ್ನು ಸೇರಿಸಲು ಬರುವುದಿಲ್ಲ. ಏನಾದರೂ ತಪ್ಪು ತಿಳುವಳಿಕೆಯಾಗಿದ್ದರೆ ತಾಯಿಯೇ ಒಂದು ಕಾಗದ ಬರೆದು, ನೋಟರಿ ಎದುರು ಸಹಿ ಹಾಕಿ, ಏಪ್ರಿಲ್ ಮುಗಿಯುವುದರೊಳಗೆ ಅಂಚೆಗೆ ಹಾಕಬೇಕು. ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ.

"ಯಾವ ಬಿಸಿನೆಸ್ ಅವ್ವ? ಪಕ್ಕದ ಮನೆ ರೇಣು ಆಂಟಿಗೆ ಮಾರೋ ಸಾರಿನ ಪುಡೀನಾ? ಅದರಲ್ಲಿ ಬಂದಿದ್ದು ಮೆಣಸಿನಕಾಯಿಗೇ ಸರಿಹೋಗುತ್ತೆ."

ಆನ್ಯಾ ಚಮಚ ಕೆಳಗಿಟ್ಟು, "ಐ ವಾಸ್ ಜಸ್ಟ್ ಬೀಯಿಂಗ್ ನೈಸ್" ಎಂದು ಗೊಣಗಿದಳು.

"ಅವಳನ್ನ ಯಾಕೆ ನೋಡ್ತೀಯ, ಹೇಳಿದ್ದು ನಾನು" ಅಂದಳು ಚಿಕ್ಕತಾಯಮ್ಮ. "ಮಗಳ ಅನ್ನ ತಿಂದ್ಕೊಂಡು ಬಿದ್ದಿದ್ದೀನಿ ಅಂತ ಈ ವಯಸ್ಸಲ್ಲಿ ಬರ್ಕೊಡಬೇಕಾ ನಾನು? ಕಲ್ಲುಗುಂಡಿನಂಥ ಗಂಡುಮಗ ಇದ್ದೂ?"

ಲಾವಣ್ಯಾ ಎದ್ದು ಕೈ ತೊಳೆದಳು. ತಟ್ಟೆಯಲ್ಲಿ ಮುದ್ದೆ ಅರ್ಧ ಉಳಿದಿತ್ತು.

ಗಂಡುಮಗ ಜಗದೀಶ ಕಾರಿನಲ್ಲಿ ಒಂದು ಗಂಟೆ ದೂರದ ಹಿಲ್ಸ್‌ಬರೋದಲ್ಲಿದ್ದ. ದೊಡ್ಡ ಮನೆ, ಒಳ್ಳೆಯ ಹೆಂಡತಿ. ಚಿಕ್ಕತಾಯಮ್ಮ ಈ ದೇಶಕ್ಕೆ ಬಂದ ಹೊಸದರಲ್ಲಿ ಇದ್ದದ್ದೂ ಅಲ್ಲೇ. ಲಾವಣ್ಯಾ ಸೇನೆ ಬಿಟ್ಟು ಬರುವುದಕ್ಕೂ ಅವಳ ಗಂಡ ರಾಕೇಶ್ ಇವರನ್ನು ಬಿಟ್ಟು ಕ್ಯಾಲಿಫೋರ್ನಿಯಾ ಸೇರುವುದಕ್ಕೂ ಸರಿಹೋಗಿ, ಮಗು ನೋಡಿಕೊಳ್ಳಲು ನಾಲ್ಕು ದಿನ ಅಂತ ಚಿಕ್ಕತಾಯಮ್ಮ ಸೀಕಾಕಸ್‌ಗೆ ಬಂದಳು. ಆ ನಾಲ್ಕು ದಿನ ಐದು ವರ್ಷವಾಗಿತ್ತು. ಅವಳ ಊರಾದ ಮದ್ದೂರಿನ ಕಡೆ ಅದು ಯಾರಿಗೂ ಗೊತ್ತಿಲ್ಲ. ಭಾನುವಾರ ಊರಲ್ಲಿರುವ ತಂಗಿ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಚಿಕ್ಕತಾಯಮ್ಮ ಕಿಟಕಿ ಪಕ್ಕ ಕೂತು, ಜಗದೀಶ ಈಗ ತಾನೆ ಆಚೆ ಹೋದ, ಸೊಸೆ ಒಳಗೆ ಅಡಿಗೆ ಮಾಡ್ತಾವ್ಳೆ ಅನ್ನುವಳು. ಊರಿಂದ ಹುರಿಟ್ಟು, ಹಪ್ಪಳ ಬಂದರೂ ಕೇರ್ ಆಫ್ ಜಗದೀಶ್, ಹಿಲ್ಸ್‌ಬರೋ ಅಂತಲೇ ಬರುತ್ತಿತ್ತು. ಅಜ್ಜಿ ಭಾನುವಾರ ಭಾನುವಾರ ಸುಳ್ಳು ಹೇಳುತ್ತಾಳೆ ಎಂದು ಆನ್ಯಾ ಒಮ್ಮೆ ಹೇಳಿ ಅಮ್ಮನಿಂದ ಬೈಸಿಕೊಂಡಿದ್ದಳು.

ಆನ್ಯಾ ಒಂದು ಪ್ಯಾಡು, ಪೆನ್ನು ತಂದು ಊಟದ ಮೇಜಿನ ಮೇಲಿಟ್ಟಳು. ಅಜ್ಜಿ ಕನ್ನಡದಲ್ಲಿ ಬರೆದರೆ ಕೆಳಗೆ ತಾನು ಇಂಗ್ಲಿಷ್ ಮಾಡುತ್ತೇನೆ ಎಂದಳು. ಚಿಕ್ಕತಾಯಮ್ಮ "ನನ್ನ ಮಗಳು ಲಾವಣ್ಯಾ" ಎಂದು ಬರೆದು ಸೊಪ್ಪು ಬಿಡಿಸಲು ಎದ್ದಳು. ಮರುದಿನ ಇನ್ನೊಂದು ಹಾಳೆಯಲ್ಲಿ ಅಷ್ಟೇ ಬರೆದು ಬಟ್ಟೆ ಮಡಿಸಲು ಎದ್ದಳು. ಮಾರ್ಚ್ ಮುಗಿಯಿತು. ಆ ಪ್ಯಾಡಿನ ಸುತ್ತಲೇ ತಟ್ಟೆ ಇಟ್ಟು, ತಟ್ಟೆ ತೆಗೆದು, ಯಾರೂ ಅದರ ಮಾತೆತ್ತದೆ ದಿನ ದೂಡಿದರು. ಮಾತೇ ಕಡಿಮೆಯಾಯಿತು. ಉಪ್ಪು ಬೇಕಾದರೂ ಲಾವಣ್ಯಾ ಆನ್ಯಾಳನ್ನು ಕೇಳಿ ಇಸಿದುಕೊಳ್ಳುವಳು.

ಒಂದು ಬೆಳಿಗ್ಗೆ ಮಾತ್ರ ಬಾಯಿ ಬಿಟ್ಟಳು. ಮಗಳನ್ನು ಜರ್ಮನಿಗೆ ಕರೆದುಕೊಂಡು ಹೋಗಲು ರಾಕೇಶನ ಒಪ್ಪಿಗೆ ಪತ್ರವೂ ಬೇಕಾಗಿತ್ತು, ಅದು ಬಂದಿತ್ತು. "ನಮ್ಮನ್ನ ಬಿಟ್ಟೋದವನು ಒಂದೇ ದಿನದಲ್ಲಿ ಸೈನ್ ಮಾಡಿ ಕಳಿಸ್ದ ಅವ್ವ" ಅಂದಳು. ಅಷ್ಟೇ ಅಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಿಕ್ಕತಾಯಮ್ಮ ಆ ದಿನ ಮಗನಿಗೆ ಫೋನ್ ಮಾಡಿದಳು.

ಜಗದೀಶ ಭಾನುವಾರ ಬಂದ. ದ್ರಾಕ್ಷಿ, ಕಿತ್ತಳೆ, ಆನ್ಯಾಗೆ ಚಾಕಲೇಟು. ಸೋಫಾದಲ್ಲಿ ಕೂತು ಕಾಫಿ ಮುಗಿಸುವವರೆಗೂ ಟೋಲಿನ ವಿಷಯ, ಟ್ರಾಫಿಕ್ಕಿನ ವಿಷಯ. ಆಮೇಲೆ ಲಾವಣ್ಯಾಗೆ ಹೇಳಿದ, ಅವ್ವನ್ನ ಈ ವಯಸ್ಸಲ್ಲಿ ಗೊತ್ತಿಲ್ಲದ ದೇಶಕ್ಕೆ ಎಳ್ಕೊಂಡು ಹೋಗಬೇಡ, ನಾನು ಕರ್ಕೊಂಡು ಹೋಗ್ತೀನಿ, ಮೇಲಿನ ರೂಮ್ ಖಾಲಿ ಇದೆ ಅಂತ.

"ಆ ರೂಮು ಐದು ವರ್ಷದಿಂದ ಖಾಲಿ ಇದೆಯಲ್ಲಣ್ಣ" ಅಂದಳು ಲಾವಣ್ಯಾ.

"ಅವ್ವನೇ ಮಗು ನೋಡ್ಕೋಬೇಕು ಅಂತ ಬಂದಿದ್ದು. ನಾನು ಬೇಡ ಅಂದಿದ್ನಾ? ಈಗ ಸರ್ಕಾರಕ್ಕೆ ಬರೆದುಕೊಡು ಅಂತೀಯ. ಮಗ ಸಾಕಲಿಲ್ಲ, ಮಗಳು ಸಾಕಿದಳು ಅಂತ. ನಾಳೆ ನಾಲ್ಕು ಜನಕ್ಕೆ ಗೊತ್ತಾದ್ರೆ ನನ್ನ ಮುಖ ಎಲ್ಲಿಡಲಿ?"

ಲಾವಣ್ಯಾಗೆ ಮೂಗಿನ ತುದಿಯಲ್ಲೇ ಕೋಪ. ಅಂದು ಮಾತ್ರ ದನಿ ಏರಿಸಲಿಲ್ಲ. ಅಣ್ಣನಿಗಲ್ಲ, ತಾಯಿಯ ಕಡೆ ತಿರುಗಿ ಹೇಳಿದಳು.

"ನಿನ್ನ ಇಲ್ಲಿಗೆ ಕರೆಸೋವಾಗ ಅಣ್ಣಂದು ಇನ್ನೂ ಗ್ರೀನ್ ಕಾರ್ಡೇ ಆಗಿರಲಿಲ್ಲ. ಸೇನೆ ಸೇರಿ ಸಿಟಿಜನ್ ಆಗಿದ್ದವಳು ನಾನು. ಇವರು ನನ್ನ ತಾಯಿ, ಇವರನ್ನ ನಾನು ಸಾಕ್ತೀನಿ ಅಂತ ಬೇಸಿನಲ್ಲಿ ನಿಂತ್ಕೊಂಡು ಬರೆದುಕೊಟ್ಟೆ. ಬರೆಯೋವಾಗ ನನಗೆ ನಾಚಿಕೆ ಆಗಲಿಲ್ಲ ಅವ್ವ. ನಿನಗ್ಯಾಕೆ ಆಗುತ್ತೆ?"

ಚಿಕ್ಕತಾಯಮ್ಮ, ನಾನು ಯಾರಿಗೂ ಭಾರ ಆಗೋಳಲ್ಲ ಎಂದು ಒಳಗೆ ಹೋಗಿ ಬ್ಯಾಗಿಗೆ ನಾಲ್ಕು ಸೀರೆ ತುರುಕಿದಳು. ಮಗಳು ಹೋಗಬೇಡ ಅನ್ನುತ್ತಾಳೇನೋ ಎಂದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ತಡಮಾಡಿದಳು. ಲಾವಣ್ಯಾ ಅವಳ ಮಾತ್ರೆ ಡಬ್ಬಿ ತಂದು ಬ್ಯಾಗಿನ ಬದಿಗೆ ಸೇರಿಸಿ, "ಬೆಳಿಗ್ಗೆದು ಮರೀಬೇಡ" ಅಂದಳು.

ಹಿಲ್ಸ್‌ಬರೋದಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಸೊಸೆ ಕ್ಷಮಾ ಹಾಸಿಗೆಗೆ ಹೊಸ ಹೊದಿಕೆ ಹಾಕಿಸಿದ್ದಳು. ಮಗ ಸೊಸೆ ಇಬ್ಬರೂ ಮನೆಯಿಂದಲೇ ಕೆಲಸ. ಬೆಳಗಾದರೆ ಒಬ್ಬೊಬ್ಬರು ಒಂದೊಂದು ರೂಮು ಸೇರಿ ಬಾಗಿಲು ಹಾಕಿಕೊಳ್ಳುವರು. ಪಾತ್ರೆ ಮೆಷಿನ್ನಿಗೆ, ಬಟ್ಟೆ ಮೆಷಿನ್ನಿಗೆ, ವಾರದ ಅಡಿಗೆ ಫ್ರೀಜರಿನ ಡಬ್ಬಿಗೆ. ಒಂದು ದಿನ ಚಿಕ್ಕತಾಯಮ್ಮ ಉಪ್ಪುಮೀನಿನ ಸಾರು ಮಾಡಲೇ ಎಂದು ಕೇಳಿದಳು. ಕ್ಷಮಾ ಮೆಲ್ಲಗೆ, ಮೀಟಿಂಗ್ ಎಲ್ಲ ಮುಗಿಲಿ ಅತ್ತೆ, ಶನಿವಾರ ಕಿಟಕಿ ತೆಗೆದಿಟ್ಟು ಮಾಡೋಣ ಅಂದಳು. ಬಿರುಸಿನ ಮಾತೇನಲ್ಲ. ಆದರೂ ಚಿಕ್ಕತಾಯಮ್ಮ ಕೈ ಕಟ್ಟಿಕೊಂಡು ಕಿಟಕಿಯಲ್ಲಿ ನಿಂತಳು. ಹೊರಗೆ ಹುಲ್ಲು, ಅದರಾಚೆ ಇನ್ನೊಬ್ಬರ ಹುಲ್ಲು.

ಮಗ ತಂದಿಟ್ಟ ಅನ್ನ, ಯಾರ ಎದುರಿಗಾದರೂ ಹೇಳಿಕೊಳ್ಳಬಹುದಾದ ಅನ್ನ. ಅದನ್ನೂ ಯಾಕೋ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಆನ್ಯಾ ವಿಡಿಯೋ ಕಾಲ್ ಮಾಡಿದಳು. ಅಮ್ಮ ಒಂದು ವಾರದಿಂದ ಬರೀ ಬ್ರೆಡ್ ತಿಂತಿದ್ದಾಳೆ, ಮುದ್ದೆ ಮಾಡೋದು ಹೇಗೆ ಹೇಳು ಅಜ್ಜಿ, ಕ್ವಿಕ್, ಈಗ ಬಂದುಬಿಡ್ತಾಳೆ ಅಂದಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಳು. ಚಿಕ್ಕತಾಯಮ್ಮ ಇಲ್ಲಿಂದಲೇ ನೀರು ಕುದಿಯಲಿ, ಹಿಟ್ಟು ಸುರಿ, ಈಗ ಮುಟ್ಟಬೇಡ, ಈಗ ತಿರುವು ಎಂದು ಹೇಳುತ್ತ ಹೋದಳು. ಹುಡುಗಿ ಪಾತ್ರೆಯನ್ನು ಎರಡು ಕಾಲಲ್ಲಿ ಒತ್ತಿ ಹಿಡಿಯಲು ಬಾರದೆ ಒಲೆಯ ಮೇಲೇ ತಿರುವಿ ಕೈ ಸುಟ್ಟುಕೊಂಡಳು. ಆದದ್ದು ಮುದ್ದೆಯಲ್ಲ, ಗಂಟುಗಂಟಾದ ಒಂದು ಗುಡ್ಡೆ.

ಬಾಗಿಲ ಸದ್ದಾಯಿತು. ಲಾವಣ್ಯಾ ಬಂದು ಮೇಜಿಗೆ ಕೂತಳು. ಫೋನ್ ಆನ್ ಆಗಿರುವುದು ಅವಳಿಗೆ ಗೊತ್ತಿಲ್ಲ. ಆನ್ಯಾ ತಟ್ಟೆ ಇಟ್ಟಳು. ಲಾವಣ್ಯಾ ತಟ್ಟೆ ನೋಡಿ, ಮಗಳ ಕೈ ನೋಡಿ, ಬೆರಳನ್ನು ತಣ್ಣೀರಿಗೆ ಹಿಡಿಸಿ ಬಂದು ಕೂತು, ಒಂದು ಗಂಟನ್ನೂ ಪಕ್ಕಕ್ಕಿಡದೆ ತಿನ್ನತೊಡಗಿದಳು. ನಾಲ್ಕು ತುತ್ತು ತಿಂದಿರಬೇಕು. ಆಮೇಲೆ ಕೈ ತಟ್ಟೆಯಲ್ಲೇ ನಿಂತಿತು. ತಲೆ ಸ್ವಲ್ಪ ಸ್ವಲ್ಪವೇ ವಾಲಿತು. ತುತ್ತು ಹಿಡಿದ ಬೆರಳು ಮುದ್ದೆಯೊಳಗೇ ಇತ್ತು, ಲಾವಣ್ಯಾ ನಿದ್ದೆ ಹೋಗಿದ್ದಳು.

ಆನ್ಯಾ ಫೋನಿನ ಕಡೆ ತಿರುಗಿ ಬಾಯಿಗೆ ಬೆರಳಿಟ್ಟು, ಕಾಲ್ ಕಟ್ ಮಾಡಿದಳು.

ಚಿಕ್ಕತಾಯಮ್ಮ ಆ ದಿನ ಊಟ ಬೇಡವೆಂದಳು. ಶನಿವಾರ ಕ್ಷಮಾ ಕಿಟಕಿಗಳನ್ನೆಲ್ಲ ತೆಗೆದಿಟ್ಟು, ಉಪ್ಪುಮೀನು ಮಾಡೋಣ ಬನ್ನಿ ಅತ್ತೆ ಅಂದಾಗಲೂ ಕದಲಲಿಲ್ಲ.

ಭಾನುವಾರ ತಂಗಿಯ ಕಾಲ್ ಬಂತು. ಜಗದೀಶ ತಾನಾಗಿ ಪಕ್ಕದಲ್ಲಿ ಬಂದು ನಿಂತು, ಚಿಕ್ಕಮ್ಮ ಚೆನ್ನಾಗಿದ್ದೀರಾ ಎಂದು ನಕ್ಕು, ಫೋನನ್ನು ಸುತ್ತ ತಿರುಗಿಸಿ ಮನೆಯೆಲ್ಲ ತೋರಿಸಿದ. ಐದು ವರ್ಷದಲ್ಲಿ ಇದೊಂದು ಭಾನುವಾರ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಮಗನ ಮನೆಯಲ್ಲಿದ್ದೀನಿ ಅಂದರೆ ನಿಜವೇ.

"ನೋಡು, ನಾನು ಇಲ್ಲಿ ಇರೋದಲ್ಲ" ಅಂದಳು ಚಿಕ್ಕತಾಯಮ್ಮ. "ಲಾವಣ್ಯನ ಮನೇಲಿ ಇರೋದು. ಐದು ವರ್ಷದಿಂದಲೂವೆ. ಅವಳೇ ನನ್ನ ಸಾಕ್ತಾ ಇರೋಳು. ಇಲ್ಲಿಗೆ ಒಂದು ವಾರಕ್ಕೆ ನೆಂಟಳಾಗಿ ಬಂದಿದ್ದೀನಿ."

ಅವ್ವನ ಭುಜದ ಮೇಲಿದ್ದ ಜಗದೀಶನ ಕೈ ಕೆಳಗಿಳಿಯಿತು.

"ಗೊತ್ತು ಕಣಕ್ಕ" ಅಂದಳು ತಂಗಿ. "ಯಾವತ್ತೂ ನಿನ್ನ ಹಿಂದೆ ಅದೇ ಕಿಟಕಿ, ಆ ಕಿಟಕೀಲಿ ರೈಲು ಹೋಗೋದು. ಇಷ್ಟು ದೊಡ್ಡ ಮನೆ ಕಟ್ಟಿರೋ ಜಗದೀಶ ರೈಲು ಹಳಿ ಪಕ್ಕ ಕಟ್ಟಿದ್ದಾನಾ ಅಂದ್ಕೊಂಡೆ. ಆಮೇಲೆ ತಿಳೀತು. ನೀನಾಗಿ ಹೇಳಲಿ ಅಂತ ಸುಮ್ಮನಿದ್ದೆ."

ಕಾಲ್ ಮುಗಿದ ಮೇಲೆ ಜಗದೀಶ ಬಹಳ ಹೊತ್ತು ಅಡಿಗೆ ಕಟ್ಟೆ ಒರೆಸಿದ. ಒರೆಸಲು ಅಲ್ಲಿ ಏನೂ ಇರಲಿಲ್ಲ. ಕೊನೆಗೆ, ನನ್ನ ಮರ್ಯಾದೆ ಒಂದು ಮಾತಲ್ಲಿ ತೆಗೆದುಬಿಟ್ಟೆಯಲ್ಲವ್ವ ಅಂದ.

"ನಿನ್ನ ಮರ್ಯಾದೆ ಐದು ವರ್ಷ ಕಾದೆ ಮಗ" ಅಂದಳು. "ಅವಳ ಊಟ ಉಂಡು ನಿನ್ನ ಹೆಸರು ಹೇಳ್ದೆ. ಅವಳದ್ದನ್ನ ಯಾರು ಕಾಯೋರು?"

ಕ್ಷಮಾ ಮೇಲೆ ಹೋಗಿ ಅತ್ತೆಯ ಬ್ಯಾಗನ್ನು ತಂದು ಬಾಗಿಲ ಬಳಿ ಇಟ್ಟಳು. ಫ್ರೀಜರಿಂದ ಎರಡು ಡಬ್ಬಿ ತೆಗೆದು, ಆನ್ಯಾಗೆ ಕೊಡಿ ಅತ್ತೆ, ಬಿಸಿ ಮಾಡಿಕೊಂಡರೆ ಸಾಕು ಅಂದಳು. ಮಗನೇ ಕಾರಿನಲ್ಲಿ ಕರೆತಂದ. ಸೀಕಾಕಸ್ ತಲುಪಿದಾಗ ಜಗದೀಶ ಮೇಲಕ್ಕೆ ಬರಲಿಲ್ಲ. ಬ್ಯಾಗ್ ಇಳಿಸಿಕೊಟ್ಟು, ನೋಟರಿಗೆ ಐಡಿ ಬೇಕಾಗುತ್ತೆ, ಪಾಸ್‌ಪೋರ್ಟ್ ತಗೊಂಡು ಹೋಗು ಎಂದು ಹೇಳಿ ಕಾರು ತಿರುಗಿಸಿದ.

ಮೇಜಿನ ಮೇಲೆ ಪ್ಯಾಡು ಇದ್ದಲ್ಲೇ ಇತ್ತು. ಚಿಕ್ಕತಾಯಮ್ಮ ಸೀರೆಯನ್ನೂ ಬದಲಿಸದೆ ಕೂತಳು. ಈ ಸಲ ಸೊಪ್ಪು, ಬಟ್ಟೆ ಯಾವುದೂ ನೆನಪಾಗಲಿಲ್ಲ.

"ನನ್ನ ಮಗಳು ಲಾವಣ್ಯಾ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡಳು. ಐದು ವರ್ಷದಿಂದ ಅವಳ ಮನೆಯಲ್ಲಿದ್ದೇನೆ. ನಾನು ಉಣ್ಣುವುದು ಅವಳ ಅನ್ನ. ಸಾರಿನ ಪುಡಿ ಮಾಡುವುದು ಕೈ ಸುಮ್ಮನಿರಲಾರದ್ದಕ್ಕೆ. ಹಿಂದೆ ಫೋನಿನಲ್ಲಿ ನಿಮಗೆ ಹೇಳಿದ್ದು ಜಂಬದ ಮಾತು. ಅವಳು ಎಲ್ಲಿರುತ್ತಾಳೋ ಅಲ್ಲಿ ನಾನು ಇರಬೇಕು. ಚಿಕ್ಕತಾಯಮ್ಮ."

ಆನ್ಯಾ ಕೆಳಗೆ ಇಂಗ್ಲಿಷ್ ಬರೆಯುತ್ತ, ಜಂಬದ ಮಾತು ಅನ್ನೋದು ಅವರಿಗೆ ಬೇಕಾಗಿಲ್ಲ, ಬಿಡಲಾ ಎಂದು ಕೇಳಿದಳು. ಇರಲಿ, ಹಾಕು ಅಂದಳು ಅಜ್ಜಿ.

ಮಾರನೇ ಬೆಳಿಗ್ಗೆ ಶಿಫ್ಟ್ ಮುಗಿಸಿ ಬಂದ ಲಾವಣ್ಯಾ ಬಾಗಿಲಲ್ಲಿ ತಾಯಿಯ ಚಪ್ಪಲಿ ನೋಡಿದಳು, ಮೇಜಿನ ಮೇಲೆ ಮುದ್ದೆ ನೋಡಿದಳು, ಪಕ್ಕದಲ್ಲಿದ್ದ ಕಾಗದ ಓದಿದಳು. ಎರಡನೇ ಸಲವೂ ಓದಿದಳು. ಮುದ್ದೆ ಪೂರ್ತಿ ತಿಂದು, "ಮಲಗಿದ್ರೆ ಏಳಲ್ಲ. ಈಗಲೇ ಹೋಗಿ ಬಂದುಬಿಡೋಣ ಅವ್ವ" ಅಂದಳು.

ನೋಟರಿಯದು ಐದು ನಿಮಿಷದ ಕೆಲಸ. ಪೋಸ್ಟ್ ಆಫೀಸಿನ ಎದುರು ಕಾರು ನಿಲ್ಲಿಸಿ ಲಾವಣ್ಯಾ ಕವರಿಗೆ ಸ್ಟಾಂಪ್ ಹಚ್ಚಿದಳು. ಜರ್ಮನಿಗೆ ಹೋಗುವುದಾದರೂ ಬೇಸಿನ ಅಂಚೆಗೆ ಇಲ್ಲಿನ ಸ್ಟಾಂಪೇ ಸಾಕಂತೆ. ಅಷ್ಟು ಹೇಳಿ, ಎಡ ಮೂಲೆಯಲ್ಲಿ ಕಳಿಸಿದವರ ವಿಳಾಸ ಬರೀಬೇಕು, ನೀನೇ ಬರಿ ಎಂದು ಪೆನ್ನು ಕೊಟ್ಟು ಸೀಟಿಗೆ ತಲೆ ಆನಿಸಿದಳು.

ಚಿಕ್ಕತಾಯಮ್ಮ ಸಿಟಿಜನ್ ಪರೀಕ್ಷೆಗೆಂದು ಆನ್ಯಾ ಹತ್ತಿರ ಕಲಿತ ಇಂಗ್ಲಿಷ್ ಅಕ್ಷರಗಳಲ್ಲಿ ತನ್ನ ಹೆಸರು ಬರೆದಳು. ಅದರ ಕೆಳಗೆ ಕೇರ್ ಆಫ್ ಎಂದು ಬರೆದು, ಲಾವಣ್ಯಾ ಎಂದು ಬರೆದು, ಸೀಕಾಕಸ್ ಎಂದು ಬರೆದಳು. ಸರಿಯಾಗಿದೆಯಾ ನೋಡು ಎಂದು ತೋರಿಸಲು ತಿರುಗಿದರೆ ಮಗಳು ಸ್ಟಿಯರಿಂಗ್ ಮೇಲೆ ಕೈ ಇಟ್ಟ ಹಾಗೇ ನಿದ್ದೆ ಹೋಗಿದ್ದಳು.

ಎಬ್ಬಿಸಲಿಲ್ಲ. ಸದ್ದಾಗದ ಹಾಗೆ ಇಳಿದು, ನೀಲಿ ಅಂಚೆ ಡಬ್ಬಿಯ ಹತ್ತಿರ ಹೋಗಿ, ಹಿಡಿ ಎಳೆದು ಕವರನ್ನು ಒಳಗೆ ಬಿಟ್ಟಳು. ಬಿದ್ದ ಸದ್ದು ಕೇಳಿಸಿತು. ಆದರೂ ಇನ್ನೊಮ್ಮೆ ಹಿಡಿ ಎಳೆದು ಬಗ್ಗಿ ನೋಡಿದಳು. ಕವರು ಕೆಳಗೆ ಹೋಗಿತ್ತು.